ಉಪ್ಪು ಒಂದೇ, ವಂಶ ಬೇರೆ

ಉಪ್ಪಿನಕಾಯಿ ಬೇಗ ಕೆಡಲ್ಲ, ಯಾಕೆ? ಉಪ್ಪು ಸೂಕ್ಷ್ಮಜೀವಿಗಳ ಒಳಗಿನ ನೀರನ್ನು ಹೊರಗೆಳೆಯುತ್ತೆ. ಆದರೆ ಸಮುದ್ರದ ನೀರನ್ನು ಒಣಗಿಸಿ ಉಪ್ಪು ತೆಗೆಯುವ ಆಗರಗಳಲ್ಲಿ, ಸುಮಾರು 3.5% ಇದ್ದ ಉಪ್ಪು 30% ತಲುಪಿದಾಗಲೂ ಕೆಲವು ಜೀವಿಗಳು ಆರಾಮಾಗಿ ಬೆಳೆಯುತ್ತವೆ. ಎಷ್ಟೆಂದರೆ ನೀರೇ ಕೆಂಪಾಗುತ್ತೆ!

ಇವುಗಳಲ್ಲಿ ಹೆಚ್ಚಿನವು ಹ್ಯಾಲೋಆರ್ಕಿಯಾ. ಹೆಸರೇ ಹೇಳುವಂತೆ ಇವು ಆರ್ಕಿಯಾ, ಬ್ಯಾಕ್ಟೀರಿಯಾ ಅಲ್ಲ. ಸ್ಪೇನ್‌ನ ಆಗರಗಳಲ್ಲಿ ಸಿಕ್ಕ, 2002ರಲ್ಲಿ ಹೆಸರು ಪಡೆದ ಸಾಲಿನಿಬ್ಯಾಕ್ಟರ್ ರೂಬರ್ ಮಾತ್ರ ಅಪ್ಪಟ ಬ್ಯಾಕ್ಟೀರಿಯಾ. ಅದೂ ಕೆಂಪು. ಇಬ್ಬರ ಉಪಾಯವೂ ಒಂದೇ: ಜೀವಕೋಶದೊಳಗೆ ಪೊಟ್ಯಾಸಿಯಂ ತುಂಬಿಕೊಂಡು ಹೊರಗಿನ ಉಪ್ಪಿಗೆ ಸಮ ಮಾಡೋದು. ಅಷ್ಟು ಉಪ್ಪಿನಲ್ಲೂ ಕೆಲಸ ಮಾಡಲು ಇಬ್ಬರ ಪ್ರೋಟೀನುಗಳಲ್ಲೂ ಆಮ್ಲೀಯ ಅಮೈನೋ ಆಮ್ಲಗಳು ಜಾಸ್ತಿ.

ಹಾಗಾದ್ರೆ ಇವು ಹತ್ತಿರದ ನೆಂಟರಾ? ಅಲ್ಲ. ಜೀವಕೋಶದ ಪೊರೆಯ ಕೊಬ್ಬನ್ನೇ ನೋಡಿ: ಆರ್ಕಿಯಾದಲ್ಲಿ ಈಥರ್ ಬಂಧ, ಬ್ಯಾಕ್ಟೀರಿಯಾದಲ್ಲಿ ಎಸ್ಟರ್ ಬಂಧ. ಎರಡು ವಂಶಗಳು ಕವಲೊಡೆದು ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚಾಗಿದೆ.

2005ರಲ್ಲಿ ಸಾಲಿನಿಬ್ಯಾಕ್ಟರ್‌ನ ಪೂರ್ತಿ ಜೀನೋಮ್ ಓದಿದಾಗ ಇನ್ನೊಂದು ವಿಷಯ ಗೊತ್ತಾಯ್ತು. ಹೋಲಿಕೆಯ ಒಂದು ಪಾಲು ಎರಡೂ ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದು. ಕೆಲವು ಜೀನ್‌ಗಳು ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದು.

ಅಂದರೆ ಹೋಲಿಕೆಗೆ ಮೂರು ದಾರಿ: ಹಿರಿಯರಿಂದ ಬಂದದ್ದು, ತಾನೇ ಕಂಡುಕೊಂಡದ್ದು, ಪಕ್ಕದವರಿಂದ ಪಡೆದದ್ದು. ಯಾವುದು ಅಂತ ನೋಡದೆ ನೆಂಟಸ್ತನ ಹೇಳೋ ಹಾಗಿಲ್ಲ.