ಬಾಡಿಗೆ ಕಂದೀಲು ವಾಪಸ್ ಕೊಡು, ತಂಗೀ

ತಂಗೀ,

ನಿನ್ನೆ ಸಂಜೆ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಸ್ಟಿಲ್ ಲೈಫ್ ಬರೆಯಲಿಕ್ಕೆಂದು ಬೆಂಗಳೂರಿನಲ್ಲಿ ಹಳೇ ಕಂದೀಲು, ಹಿತ್ತಾಳೆ ಹೂಜಿ ಬಾಡಿಗೆಗೆ ತಂದಿದ್ದೀಯಂತೆ. ಮೊದಲು ನಗು ಬಂತು, ಆಮೇಲೆ ಸಿಟ್ಟು. ಮಾಸ್ತರರು ಕೇಳಿದ್ದು ನಿನಗೆ ಹತ್ತಿರದ ವಸ್ತುಗಳನ್ನು. ನಿಮ್ಮ ಮನೆಯಲ್ಲಿ ಕಂದೀಲು ಹಚ್ಚಿದ್ದನ್ನು ನೀನು ಯಾವಾಗ ನೋಡಿದ್ದೀ?

ಬರೀಬೇಡ ಅನ್ನುತ್ತಿಲ್ಲ. ಹೊಳಪು ಕಲಿಯಲಿಕ್ಕೆ ಹಿತ್ತಾಳೆ ಒಳ್ಳೆಯದೇ. ನಾವೂ ಪರೀಕ್ಷೆಗೆಂದು ವರ್ಷವಿಡೀ ಅದೇ ಗಡಿಗೆ, ಅದೇ ಅಲ್ಯೂಮಿನಿಯಂ ಜಗ್ಗು, ಮುಂದೆರಡು ಬದನೆಕಾಯಿ ಬರೆದವರು. (ಸಂಜೆ ಬದನೆಕಾಯಿ ಜವಾನನ ಮನೆಗೆ.) ಟಿ.ಪಿ. ಅಕ್ಕಿಯವರು ಕಟ್ಟಿದ ಚಿತ್ರಕಲಾ ಶಾಲೆ ವಿಜಯ ಕಲಾಮಂದಿರ ಗದುಗಿನಲ್ಲೇ ಇದ್ದುದರಿಂದ ನನ್ನಂಥ ನೇಕಾರರ ಹುಡುಗನಿಗೂ ಚಿತ್ರ ಬರೆಯುವುದು ಹುಚ್ಚು ಅನ್ನಿಸಿರಲಿಲ್ಲ.

ಬೆಟಗೇರಿಯ ಮನೆಯಲ್ಲಿ ಕುಣಿಮಗ್ಗದ ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಹದಿನೈದರ ವಯಸ್ಸಿನಲ್ಲಿ ಒಂದು ದಿನ ಅಪ್ಪನ ಲಾಳಿ, ಎರಡು ಕಂಡಿಕೆ, ಕನ್ನಡಕದ ಡಬ್ಬಿ ಇಟ್ಟುಕೊಂಡು ಬರೆದೆ. ಲಾಳಿಯ ಎರಡೂ ತುದಿ ಸಮ, ಮೈಯೆಲ್ಲ ನುಣುಪು. ಅಪ್ಪ ಕುಣಿಯಿಂದ ಎದ್ದು ಬಂದು ಹಾಳೆಯನ್ನು ಬಲ್ಬಿನ ಕೆಳಗೆ ಹಿಡಿದ. "ಚಂದ ಐತಿ. ಆದ್ರ ಇದು ನಂದಲ್ಲ" ಅಂದ. ಲಾಳಿಯನ್ನು ನನ್ನ ಕೈಗಿಟ್ಟ. ಹೆಬ್ಬೆರಳು ಊರುವಲ್ಲಿ ಕಟ್ಟಿಗೆ ಸವೆದು ತಗ್ಗಾಗಿತ್ತು. ಎಂದೋ ಬಿದ್ದು ಒಂದು ಕಡೆಯ ಕಬ್ಬಿಣದ ಮೊನೆ ತುಸು ಸೊಟ್ಟಗಾಗಿತ್ತು. ಎರಡನೆಯ ಸಲ ಬರೆಯಲು ಎಂಟು ದಿನ ಹಿಡಿಯಿತು; ಆರು ದಿನ ಆ ತಗ್ಗಿಗೇ ಹೋಯಿತು. ಅಪ್ಪ ಅದನ್ನು ನೋಡಿ ಏನೂ ಅನ್ನಲಿಲ್ಲ, ಕನ್ನಡಕದ ಡಬ್ಬಿ ಎತ್ತಿಕೊಂಡು ಹೋದ. ಈಗ ಆ ಚಿತ್ರ ಎಲ್ಲಿದೆಯೋ. ಲಾಳಿ ನನ್ನ ಕಪಾಟಿನಲ್ಲಿದೆ.

ವ್ಯಾನ್ ಗೋ 1888ರಲ್ಲಿ ತನ್ನ ಕುರ್ಚಿ ಬರೆದಾಗ ಅದರ ಮೇಲಿಟ್ಟದ್ದು ತನ್ನ ಪೈಪು, ತಂಬಾಕು. ಇಟಲಿಯ ಮೊರಾಂಡಿ ಮನೆಯ ಅವೇ ಬಾಟಲಿಗಳನ್ನು ದಶಕಗಟ್ಟಲೆ ಬರೆದ. ನಿನಗೋ ಒಂದು ವಾರಕ್ಕೇ ಮನೆಯ ಸಾಮಾನು ಸಪ್ಪೆ! ಓದಿಸಿದ್ದು ಇದಕ್ಕೇನು?

ಇರಲಿ, ಜೋರಾಯಿತು. ಮುಂಡರಗಿಗೆ ಹೋಗು. ಅಜ್ಜಿಯ ಎಲೆ-ಅಡಿಕೆ ಚಂಚಿ, ಅಡಕತ್ತರಿ, ಸುಣ್ಣದ ಡಬ್ಬಿ, ಮೂರು ಸಾಕು. ತಿಕ್ಕಿ ತೊಳೆಯಬೇಡ. ಬೆಳಗಿನ ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳಲಿ, ಟ್ಯೂಬ್‌ಲೈಟ್ ಆರಿಸು. ಫೋಟೊ ತೆಗೆದು ಅದನ್ನು ನೋಡಿ ಬರೆದರೆ ನನಗೆ ಗೊತ್ತಾಗುತ್ತದೆ. ಅರೆಗಣ್ಣು ಮಾಡಿ ಎಲ್ಲಕ್ಕಿಂತ ಕಪ್ಪು ಎಲ್ಲಿದೆ ಅಂತ ಹುಡುಕು. ಅಡಕತ್ತರಿಯ ಎರಡು ಹಿಡಿಗಳ ನಡುವಿನ ಖಾಲಿ ಜಾಗವನ್ನು ಮೊದಲು ಬರಿ, ಹಿಡಿ ತಾನೇ ಬರುತ್ತದೆ. ಇನ್ನೊಂದು: ಡಬ್ಬಿಯ ಅಂಚಿಗೆ ಒಣಗಿ ಹತ್ತಿದ ಸುಣ್ಣ ಬಿಳಿಯಲ್ಲ. ನಿನ್ನ ಕಾರ್ಟ್ರಿಜ್ ಹಾಳೆಯ ಪಕ್ಕ ಹಿಡಿದು ನೋಡು, ಬೂದಿ ಬಣ್ಣ.

ಕಂದೀಲಿನ ಬಾಡಿಗೆ ಎಷ್ಟಾಯಿತು ಹೇಳು, ನಾನು ಕೊಡುತ್ತೇನೆ. ಅಜ್ಜಿ ತಾಸಿಗೊಮ್ಮೆ ಚಂಚಿ ಬೇಡುತ್ತಾಳೆ, ಸಿಡುಕದೆ ಕೊಡು. ಮೂರೂ ಇಟ್ಟ ಜಾಗಕ್ಕೆ ಅವಳ ಸುಣ್ಣದಲ್ಲೇ ಗುರುತು ಮಾಡಿಕೋ.

ನಿನ್ನ ಕಾಕಾ