ಬಂದು ನೋಡು


*ಇಂದಿನ ಧಮ್ಮ ಚಿಂತನೆ*

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಉಪಾಸಕ-ಉಪಾಸಿಕೆಯರೇ,

ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ ನಮ್ಮ ಪಡಸಾಲೆಗೆ ಬಣ್ಣ ಹಚ್ಚಿಸಬೇಕಿತ್ತು. ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ, ಮಕ್ಕಳು ಓದುವ ಮೇಜು ಎಲ್ಲವೂ ಇರುವುದು ಅಲ್ಲಿಯೇ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಐವರಿ, ಕ್ರೀಮ್, ಗಂಧದ ಬಣ್ಣ ಮೂರೂ ಹೆಚ್ಚುಕಡಿಮೆ ಒಂದೇ ಥರ ಕಂಡವು. ಹೆಂಡತಿ ಒಂದು ಅಂದರೆ ಮಗಳು ಇನ್ನೊಂದು ಅಂದಳು. ಮಾವನವರು, "ವಾಸ್ತು ಕೇಳಿ ಹಚ್ಚಸ್ರಿ ಅಳಿಯಂದ್ರ, ಮನಿಗೆ ಚಲೋ ಆಗ್ತೈತಿ" ಎಂದರು. ದೀಕ್ಷೆ ತೆಗೆದುಕೊಂಡ ಮನೆಯಲ್ಲಿ ಇದೇನು ಮಾತು ಎಂದು ನನಗೆ ಸಿಟ್ಟು ಬಂತು, ಬಿರುಸಾಗಿ ಮಾತಾಡಿಬಿಟ್ಟೆ. ಹಿರಿಯರು ಅಂದು ಅರ್ಧ ರೊಟ್ಟಿ ಉಂಡು ಎದ್ದರು.

ಮರುದಿನ ಧಮ್ಮ ವಂದನೆಯಲ್ಲಿ *'ಏಹಿಪಸ್ಸಿಕೋ'* ಎನ್ನುವಾಗ ನಾಲಿಗೆ ತಡೆಯಿತು. ಬಂದು ನೋಡು ಎಂದು ಕರೆಯುವ ಧಮ್ಮ ನಮ್ಮದು. ಪರಂಪರೆಯಿಂದ ಬಂದದ್ದೆಂದು, ಗುರು ಹೇಳಿದನೆಂದು ಒಪ್ಪಬೇಡಿ, ನೀವೇ ಪರೀಕ್ಷಿಸಿ ಎಂದು ಭಗವಾನ್ ಬುದ್ಧರು ಕೇಸಪುತ್ತದ ಕಾಲಾಮರಿಗೆ ತಿಳಿಸಿದರು. ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ ಘೋಷಣೆ ಮಾಡಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು. ನಡುವೆ 21 ವರ್ಷ. ನಾನು ಮಾವನವರಿಗೆ 21 ನಿಮಿಷವನ್ನೂ ಕೊಟ್ಟಿರಲಿಲ್ಲ. ವಾಸ್ತು ನಂಬಬೇಡಿ, ನನ್ನ ಮಾತು ನಂಬಿ ಎಂದಿದ್ದೆ, ಅಷ್ಟೇ.

ಅವರಲ್ಲಿ ಕ್ಷಮೆ ಕೇಳಿದೆ. ಮೂರೂ ಬಣ್ಣವನ್ನು ಗೋಡೆಯ ಮೇಲೆ 2 ಅಡಿ ಚೌಕಕ್ಕೆ 2 ಕೋಟ್ ಹಚ್ಚಿಸಿದೆ. ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲರೂ ಕೂಡಿ ನೋಡಿದೆವು. ಬಿಸಿಲಿಗೆ ಕ್ರೀಮ್ ಕಡು ಹಳದಿಯಾಯಿತು. ಕೆಂಪು ನೆಲದ ಛಾಯೆ ಬಿದ್ದು ಗಂಧದ ಬಣ್ಣ ಗುಲಾಬಿಯಾಯಿತು. ರಾತ್ರಿ ಎಲ್‌ಇಡಿ ಹಾಕಿದಾಗ ಅವೆರಡೂ ಮಂಕಾದವು, ಐವರಿ ಮಾತ್ರ ತಿಳಿಯಾಗಿ ಬೆಳಕು ಚೆಲ್ಲಿತು. "ಹುಡುಗ್ರು ಓದೂದು ರಾತ್ರಿನ. ಇದ ಇರ್ಲಿ" ಎಂದರು ಮಾವನವರು. ವಾಸ್ತುವಿನ ಮಾತು ಮತ್ತೆ ಬರಲಿಲ್ಲ.

ಬಣ್ಣ ಡಬ್ಬಿಯೊಳಗೆ ಪೂರ್ತಿ ಇರುವುದಿಲ್ಲ. ಬೆಳಕು, ನೆಲ, ಹೊತ್ತು ಎಲ್ಲ ಸೇರಿ ಅದು ಹಾಗೆ ಕಾಣುತ್ತದೆ. *ಪಟಿಚ್ಚ ಸಮುಪ್ಪಾದ* ನಮ್ಮ ಪಡಸಾಲೆಯ ಗೋಡೆಯ ಮೇಲೂ ಇದೆ. ಮಾವನವರ ಹಳೆಯ ನಂಬಿಕೆಗೂ ಹಾಗೆಯೇ ಕಾರಣಗಳಿವೆ. ಮನೆಗೆ ಒಳ್ಳೆಯದಾಗಲಿ ಎಂಬ ಆಸೆ ಅವುಗಳಲ್ಲಿ ಒಂದು.

*ಇಂದಿನ ಅಭ್ಯಾಸ:* ಮನೆಯಲ್ಲಿ ಯಾರಾದರೂ ಮೂಢನಂಬಿಕೆಯ ಮಾತಾಡಿದರೆ, ಗದರುವ ಮೊದಲು ಅವರು ಕಣ್ಣಾರೆ ನೋಡುವಂಥದ್ದೊಂದನ್ನು ಮುಂದಿಡಿ. ಜೊತೆಗೆ ಕೂತು ನೀವೂ ನೋಡಿ.

ಭವತು ಸಬ್ಬ ಮಂಗಲಂ 🙏