ಪಾರಿವಾಳದ ಕಾಲಸ್ಮೃತಿ

ದೀಪವೊಂದು 2 ಸೆಕೆಂಡು ಉರಿಯಿತೆ, 10 ಸೆಕೆಂಡು ಉರಿಯಿತೆ ಎಂಬ ಭೇದವನ್ನು ಪಾರಿವಾಳವು ಬಲ್ಲುದೆ? ಬಲ್ಲುದು. ದೀಪವು ಆರಿದ ಮೇಲೂ ಆ ಅವಧಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲುದೆ? ಈ ಎರಡನೆಯ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಲ್ಲ.

ಪ್ರಯೋಗದ ಕ್ರಮ ಸರಳವಾದುದು. ಹಸಿದ ಪಾರಿವಾಳವನ್ನು ಒಂದು ಪೆಟ್ಟಿಗೆಯಲ್ಲಿ ಬಿಡುತ್ತಾರೆ. ಒಳಗಿನ ದೀಪವು 2 ಅಥವಾ 10 ಸೆಕೆಂಡು ಉರಿದು ಆರುತ್ತದೆ. ಒಡನೆಯೇ ಗೋಡೆಯಲ್ಲಿ ಕೆಂಪು ಗುಂಡಿಯೊಂದೂ ಹಸಿರು ಗುಂಡಿಯೊಂದೂ ಬೆಳಗುತ್ತವೆ. ದೀಪ ಉರಿದುದು ಅಲ್ಪಕಾಲವಾದರೆ ಕೆಂಪನ್ನೂ ದೀರ್ಘಕಾಲವಾದರೆ ಹಸಿರನ್ನೂ ಕುಕ್ಕಿದ ಹಕ್ಕಿಗೆ ಕಾಳು ದೊರೆಯುತ್ತದೆ, ತಪ್ಪಿದರೆ ಇಲ್ಲ. ಅನೇಕ ದಿನಗಳ ಅಭ್ಯಾಸದಿಂದ ಹಕ್ಕಿ ಇದನ್ನು ಚೆನ್ನಾಗಿ ಕಲಿಯುತ್ತದೆ.

ಅನಂತರ ನೆನಪಿನ ಪರೀಕ್ಷೆ. ದೀಪವು ಆರಿದ ಕೆಲವು ಸೆಕೆಂಡುಗಳ ತರುವಾಯ ಗುಂಡಿಗಳು ಬೆಳಗುವಂತೆ ಮಾಡುತ್ತಾರೆ. ಈ ವಿಳಂಬದಲ್ಲಿ ಹಕ್ಕಿಯು ಸುಮ್ಮನೆ ಮರೆತುಬಿಟ್ಟಿದ್ದರೆ, ಯಾವುದಾದರೊಂದು ಗುಂಡಿಯನ್ನು ಕಣ್ಣುಮುಚ್ಚಿ ಆರಿಸಿದಂತಾಗಿ, ಎರಡು ಅವಧಿಗಳಿಗೂ ಸರಿಯುತ್ತರಗಳು ನೂರಕ್ಕೆ 50ರತ್ತ ಇಳಿಯಬೇಕು. ನಡೆದುದು ಹಾಗಲ್ಲ. ವಿಳಂಬವು ಹೆಚ್ಚಿದಂತೆಲ್ಲ ಹಕ್ಕಿಗಳು ‘ಅಲ್ಪ’ದ ಗುಂಡಿಯನ್ನೇ ಹೆಚ್ಚಾಗಿ ಕುಕ್ಕಿದವು. ಅಲ್ಪಾವಧಿಯ ಉತ್ತರಗಳು ಬಹುಮಟ್ಟಿಗೆ ಸರಿಯಾಗಿಯೇ ಉಳಿದವು. ದೀರ್ಘಾವಧಿಯವು 50ಕ್ಕಿಂತಲೂ ಕೆಳಕ್ಕೆ ಇಳಿದವು.

ಇದಕ್ಕೆ ಕಾರಣವೇನು? ಕೆನಡಾದ ಸ್ಪೆಚ್ ಮತ್ತು ವಿಲ್ಕಿ 1983ರಲ್ಲಿ ಒಂದು ವಿವರಣೆಯನ್ನಿತ್ತರು: ನೆನಪಿನಲ್ಲಿ ಕಾಲವು ಕುಗ್ಗುತ್ತದೆ. 10 ಸೆಕೆಂಡುಗಳ ನೆನಪು ಮೊಟಕಾಗುತ್ತ ಬಂದು ಅಲ್ಪಾವಧಿಯಂತೆ ತೋರುತ್ತದೆ. 2 ಸೆಕೆಂಡುಗಳ ನೆನಪು ಕುಗ್ಗಿದರೂ ಅಲ್ಪವೇ. ಇದು ನಿಜವಾದರೆ, ಮೊದಲಿನಿಂದಲೂ ವಿಳಂಬದೊಡನೆ ಕಲಿತ ಹಕ್ಕಿಗೆ ವಿಳಂಬವನ್ನು ಕಡಮೆ ಮಾಡಿದಾಗ, ನೆನಪು ಎಂದಿನಷ್ಟು ಕುಗ್ಗಿರದ ಕಾರಣ, ತಪ್ಪು ‘ದೀರ್ಘ’ದ ಕಡೆಗೆ ವಾಲಬೇಕು. ಮುಂದಿನ ಪ್ರಯೋಗಗಳಲ್ಲಿ ಹಾಗೆಯೇ ಆಯಿತು.

ಆದರೆ ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಜೆಂಟಾಲ್ ಮತ್ತು ಅವರ ಸಂಗಡಿಗರಿಗೆ ಬೇರೊಂದು ಸಂಶಯ ಬಂದಿತು. ಒಂದು ಸರದಿಗೂ ಮುಂದಿನ ಸರದಿಗೂ ನಡುವೆ ಬಿಡುವು ಇರುತ್ತದೆ. ಆಗಲೂ ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಕತ್ತಲೆ, ವಿಳಂಬದಲ್ಲಿಯೂ ಕತ್ತಲೆ. ಹಕ್ಕಿಯು ವಿಳಂಬವನ್ನೇ ಬಿಡುವೆಂದು ತಿಳಿದರೆ, ಗುಂಡಿಗಳು ಬೆಳಗಿದಾಗ ಅದರ ಪಾಲಿಗೆ ದೀಪವೇ ಉರಿದಿಲ್ಲ. ಸೊನ್ನೆಯು 10ಕ್ಕಿಂತ 2ಕ್ಕೆ ಸಮೀಪ. ಆದುದರಿಂದ ಉತ್ತರ ‘ಅಲ್ಪ’! 1998ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಅವರು ಬಿಡುವಿಗೊಂದು, ವಿಳಂಬಕ್ಕೊಂದು ಎಂದು ಬೆಳಕು ಕತ್ತಲೆಗಳನ್ನು ಹಂಚಿದರು. ಆಗ ಒಂದೇ ಕಡೆಗೆ ವಾಲುವ ತಪ್ಪು ಕಾಣದಾಯಿತು. ಎರಡು ಅವಧಿಗಳನ್ನೂ ಹಕ್ಕಿಗಳು ಸರಿಸಮವಾಗಿ ಮರೆತವು.

ಇಷ್ಟರಿಂದಲೇ ಮೊದಲನೆಯ ವಿವರಣೆಯು ಬಿದ್ದುಹೋಯಿತೆನ್ನಲಾಗದು. ‘ದೀರ್ಘ’ದ ಕಡೆಗೆ ವಾಲಿದ ತಪ್ಪುಗಳಿಗೂ ಸಮಾಧಾನ ಹೇಳಬೇಕಷ್ಟೆ. ಆದರೆ ಈ ಕಥೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠವಿದೆ. ವರ್ನಿಯರ್ ಮಾಪಕದಿಂದ ಅಳೆಯುವ ಮೊದಲು ನಾವು ಅದರ ಶೂನ್ಯದೋಷವನ್ನು ನೋಡುತ್ತೇವೆ. ಹಾಗೆಯೇ ಹಕ್ಕಿಯ ಉತ್ತರದಿಂದ ಅದರ ನೆನಪನ್ನು ಅಳೆಯುವ ಮೊದಲು, ನಮ್ಮ ಪ್ರಶ್ನೆಯನ್ನು ಅದು ಏನೆಂದು ತಿಳಿಯಿತು ಎಂಬುದನ್ನು ನೋಡಬೇಕು.